ಮಾಳಿಗೆಗೆ ಯಾವ ಬಣ್ಣ? ಬಿಸಿಲು ನಾಡಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಛತ್ತಿನ ಬಣ್ಣದ ಬಗ್ಗೆಯೇ ಇವೆ. ಅದಕ್ಕೆ ಕಾರಣವಿದೆ. ಈ ಮೂರೂ ಊರುಗಳು ಉತ್ತರ ಅಕ್ಷಾಂಶ 16.7ರಿಂದ 18 ಡಿಗ್ರಿಯೊಳಗೆ ಬರುತ್ತವೆ. ಮೇ ತಿಂಗಳ ಮೊದಲ ಹದಿನೈದು ದಿನಗಳೊಳಗೆ ಇಲ್ಲಿ ಸೂರ್ಯ ನಟ್ಟನಡು ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಆಗಸ್ಟ್ ಮೊದಲ ವಾರದ ಹೊತ್ತಿಗೆ ಹೀಗೆ ಇನ್ನೊಮ್ಮೆ ಆಗುತ್ತದೆ, ಆದರೆ ಆಗ ಮೋಡ ಕಾಪಾಡುತ್ತದೆ. ಮೇ ತಿಂಗಳ ಬಿಸಿಲು ಗೋಡೆಗಿಂತ ಹೆಚ್ಚಾಗಿ ಛತ್ತಿನ ಮೇಲೆಯೇ ಸುರಿಯುತ್ತದೆ. ಆ ಹೊತ್ತಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವಾಟ್ ಶಾಖ ಬೀಳುತ್ತದೆ. ಅದರಲ್ಲಿ ಎಷ್ಟನ್ನು ಒಳಗೆ ಬಿಟ್ಟುಕೊಳ್ಳಬೇಕು, ಎಷ್ಟನ್ನು ಬಂದ ದಾರಿಗೇ ಕಳಿಸಬೇಕು ಎಂಬುದನ್ನು ಮೊದಲು ತೀರ್ಮಾನಿಸುವುದು ಬಣ್ಣ.

ಪ್ರಶ್ನೆ: ಹೊಸ ಮನೆಗೆ ಇಳಿಜಾರು ಮಾಡು ಹಾಕಿಸಿ ಶಿಂಗಲ್ಸ್ ಕೂರಿಸುವ ಆಸೆ. ಮಾಡಿನ ಅಳತೆ 1400 ಚದರ ಅಡಿ. ಅಂಗಡಿಯವರು ಇದ್ದಿಲುಗಪ್ಪು, ಕಂದು, ಇಟ್ಟಿಗೆಗೆಂಪು, ಹಸಿರು, ತಿಳಿಬೂದು ತೋರಿಸಿದರು. ಕಪ್ಪು ಬಣ್ಣ ಮಾಸುವುದಿಲ್ಲ, ನೋಡಲೂ ಚೆಂದ ಅಂತಾರೆ. ಯಾವುದು ತಗೊಳ್ಳಲಿ? — ಓದುಗರು, ಕಲಬುರಗಿ

ಉತ್ತರ: ತೋರಿಸಿದ ಐದರಲ್ಲಿ ತಿಳಿಬೂದು ತೆಗೆದುಕೊಳ್ಳಿ. ಅದಕ್ಕಿಂತ ತಿಳಿಯಾದ ಮರಳು ಬಣ್ಣವೋ ಕೆನೆ ಬಣ್ಣವೋ ತರಿಸಿಕೊಡುವುದಾದರೆ ಇನ್ನೂ ಒಳ್ಳೆಯದು. ಆದರೆ ಬಣ್ಣ ಒಂದರಿಂದಲೇ ಮನೆ ತಂಪಾಗುತ್ತದೆ ಎಂದುಕೊಳ್ಳಬೇಡಿ. ಶಿಂಗಲ್ಸ್ ವಿಷಯದಲ್ಲಿ ಬಣ್ಣದ ಆಟಕ್ಕೆ ಒಂದು ಮಿತಿಯಿದೆ.

ಶಿಂಗಲ್ ಎಂದರೆ ಗಾಜಿನ ನಾರಿನ ಹಾಳೆಗೆ ಡಾಂಬರು ಮೆತ್ತಿ, ಅದರ ಮೇಲೆ ಬಣ್ಣದ ಕಲ್ಲಿನ ಹರಳು ಉದುರಿಸಿ ಒತ್ತಿದ ಪಟ್ಟಿ. ಒಂದು ತುಂಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಹರಳು ಹರಳಿನ ನಡುವೆ ಕಪ್ಪು ಡಾಂಬರು ಇಣುಕುತ್ತದೆ. ಒರಟು ಮೇಲ್ಮೈಯಾದ್ದರಿಂದ ಒಂದು ಹರಳಿಗೆ ಬಡಿದು ಹೊರಟ ಬೆಳಕು ಪಕ್ಕದ ಹರಳಿಗೆ ತಾಗಿ ಅಲ್ಲೇ ಇಂಗುತ್ತದೆ. ಹೀಗಾಗಿ ಕಪ್ಪು ಶಿಂಗಲ್ ನೂರಕ್ಕೆ 5 ಪಾಲು ಬಿಸಿಲನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ. ಗಾಢ ಕಂದು, ಗಾಢ ಹಸಿರು ಸುಮಾರು 10 ಪಾಲು, ತಿಳಿಬೂದು 20ರ ಆಸುಪಾಸು, ಬಿಳಿ ಎಂದು ಮಾರುವ ಶಿಂಗಲ್ ಕೂಡ 25ರಿಂದ 30. ಅದೇ ಬಿಳಿ ಬಣ್ಣ ಬಳಿದ ಸಮತಟ್ಟು ಕಾಂಕ್ರೀಟ್ 80 ಪಾಲು ಹಿಂದಕ್ಕೆ ಕಳಿಸುತ್ತದೆ. ಮಧ್ಯಾಹ್ನ ಒಂದು ಚದರ ಮೀಟರಿನಲ್ಲಿ ಕಪ್ಪು ಶಿಂಗಲ್ 950 ವಾಟ್ ಹೀರಿದರೆ ತಿಳಿಬೂದು 800, ಬಿಳಿ 700ರಿಂದ 750 ಹೀರುತ್ತದೆ. ವ್ಯತ್ಯಾಸ ಕಡೆಗಣಿಸುವಷ್ಟು ಸಣ್ಣದಲ್ಲ, ಆದರೆ ಉಳಿದ ಕಾವಿಗೆ ಬೇರೆ ದಾರಿ ಹುಡುಕಲೇಬೇಕು.

ಕೆಲವು ಕಂಪನಿಗಳು ತಂಪು ಹರಳಿನ ಶಿಂಗಲ್ಸ್ ಮಾಡುತ್ತವೆ. ಬಿಸಿಲಿನ ಶಾಖದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಕಣ್ಣಿಗೆ ಕಾಣದ ಅವಗೆಂಪು ಕಿರಣದ್ದು. ಈ ಹರಳಿನ ಬಣ್ಣ ಆ ಕಾಣದ ಭಾಗವನ್ನು ಹಿಂದಕ್ಕೆ ಎಸೆಯುತ್ತದೆ, ಕಣ್ಣಿಗೆ ಮಾತ್ರ ಕಂದು ಅಥವಾ ಕೆಂಪಾಗಿಯೇ ಕಾಣುತ್ತದೆ. ಗಾಢ ಬಣ್ಣವೇ ಬೇಕು ಎನ್ನುವವರಿಗೆ ಇದೊಂದೇ ಸರಿಯಾದ ದಾರಿ. ಅಂಗಡಿಯ ಮಾತನ್ನು ನಂಬಿ ಕೂರಬೇಡಿ. ಪರೀಕ್ಷಾ ಪತ್ರದಲ್ಲಿ ಸೌರ ಪ್ರತಿಫಲನದ ಅಂಕಿ ಕೇಳಿ. 0.25ಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ಹೆಚ್ಚಿನ ಹಣ ಕೊಡುವ ಕಾರಣವಿಲ್ಲ.

ಕಪ್ಪು ಮಾಸುವುದಿಲ್ಲ ಎಂಬ ಮಾತು ಅರ್ಧ ನಿಜ, ಅಷ್ಟೆ. ಕಪ್ಪು ಬಣ್ಣ ಹೆಚ್ಚು ಕಾಯುತ್ತದೆ. ಕಾದಷ್ಟೂ ಡಾಂಬರಿನ ಎಣ್ಣೆಯಂಶ ಬೇಗ ಆರಿ ಪಟ್ಟಿ ಗಡುಸಾಗುತ್ತದೆ, ಅಂಚು ಮೇಲಕ್ಕೆ ಸುರುಳಿ ಏಳುತ್ತದೆ, ಹರಳು ಉದುರುತ್ತದೆ. ಮಳೆನೀರಿನ ದೋಣಿಯಲ್ಲಿ ಮರಳಿನಂಥ ಹರಳು ಸೇರತೊಡಗಿದರೆ ಅದು ಮಾಡಿನ ಆಯುಸ್ಸು ಕರಗುತ್ತಿರುವ ಗುರುತು. ಹಾಕಿಸಿದ ಹೊಸದರಲ್ಲಿ ಒಂದಿಷ್ಟು ಉದುರುವುದು ಸಹಜ. ಎರಡನೇ ಮಳೆಗಾಲದ ಮೇಲೂ ಉದುರುತ್ತಿದ್ದರೆ ಸಹಜವಲ್ಲ.

ಬಣ್ಣದ ತುಂಡನ್ನು ಅಂಗಡಿಯ ದೀಪದ ಕೆಳಗೆ ಆರಿಸಬೇಡಿ. ಮೂರ್ನಾಲ್ಕು ಬಣ್ಣದ ಒಂದೊಂದು ಪಟ್ಟಿಯನ್ನು ಮನೆಗೆ ತಂದು, ಒಂದೇ ಹಲಗೆಯ ಮೇಲೆ ಮೊಳೆ ಹೊಡೆದು, ಮಾಡು ಬರುವ ಇಳಿಜಾರಿನಲ್ಲೇ ಬಿಸಿಲಿಗೆ ಇಡಿ. ಮಧ್ಯಾಹ್ನ 12ಕ್ಕೆ ಇಟ್ಟು 1 ಗಂಟೆಗೆ ಅವಗೆಂಪು ಥರ್ಮಾಮೀಟರ್ ಹಿಡಿದು ನೋಡಿ. ಸಾಧನದಲ್ಲಿ ಉತ್ಸರ್ಜನೆಯ (ಎಮಿಸಿವಿಟಿ) ಅಂಕಿಯನ್ನು 0.95ಕ್ಕೆ ಇಟ್ಟಿರಬೇಕು. ಒಂದು ಗೇಣು ದೂರದಿಂದ, ಪ್ರತಿ ಪಟ್ಟಿಯ ಮೂರು ಕಡೆ ಅಳೆದು ಸರಾಸರಿ ತೆಗೆಯಿರಿ. ಗಾಳಿ ಬೀಸುವ ದಿನ ಅಳೆದರೆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಅಂಕಿ ನೋಡಿದ ಮೇಲೆ ಸಂಜೆ ಐದಕ್ಕೆ ರಸ್ತೆಯ ಆಚೆ ನಿಂತು ಅಂದವನ್ನೂ ನೋಡಿ, ಏಕೆಂದರೆ ಈ ಬಣ್ಣದ ಜೊತೆ ವರ್ಷಾನುಗಟ್ಟಲೆ ಬದುಕಬೇಕಾದವರು ನೀವು.

ಈಗ ಬಣ್ಣದ ಕೆಳಗಿನ ವಿಷಯ. ನಿಮ್ಮ ಮಾಡು ಉಕ್ಕಿನ ಚೌಕಟ್ಟಿನ ಮೇಲೆ ಪ್ಲೈವುಡ್ ಹಾಸಿದ್ದಾದರೆ, ಅದಕ್ಕೂ ಒಳಛಾವಣಿಗೂ ನಡುವಿನ ಜಾಗಕ್ಕೆ ಗಾಳಿ ಆಡಲೇಬೇಕು. ಸೂರಿನ ಅಂಚಿನಲ್ಲಿ ಗಾಳಿ ಒಳಗೆ ಬರಲು ಕಿಂಡಿ, ನೆತ್ತಿಯಲ್ಲಿ ಬಿಸಿಗಾಳಿ ಹೊರಗೆ ಹೋಗಲು ಕಿಂಡಿ. ಒಳಛಾವಣಿ 1200 ಚದರ ಅಡಿ ಇದ್ದರೆ ಅದರ 150ನೇ ಒಂದು ಭಾಗ, ಅಂದರೆ ಒಟ್ಟು 8 ಚದರ ಅಡಿ ತೆರಪು ಬೇಕು. ಕೆಳಗೆ 4, ಮೇಲೆ 4. ಜಾಳಿಗೆ ಹಾಕಿದರೆ ಜಾಳಿಗೆಯ ತಂತಿ ತಿನ್ನುವ ಜಾಗವನ್ನು ಕಳೆದು ಲೆಕ್ಕ ಹಾಕಿ. ಪಾರಿವಾಳ, ಬಾವಲಿ ಹೊಗದಂತೆ ಜಾಳಿಗೆ ಇರಲೇಬೇಕು. ಬರೀ ಕೆಳಗೆ ಅಥವಾ ಬರೀ ಮೇಲೆ ಕಿಂಡಿ ಬಿಟ್ಟರೆ ಗಾಳಿ ಹರಿಯುವುದಿಲ್ಲ.

ಇಳಿಜಾರು ಆರ್‌ಸಿಸಿ ಮೇಲೆ ನೇರವಾಗಿ ಶಿಂಗಲ್ಸ್ ಅಂಟಿಸುವ ರೂಢಿಯೂ ಇದೆ. ನಮ್ಮ ಕಡೆಯ ಬಿಸಿಲಿಗೆ ಅದು ತಪ್ಪು ಆಯ್ಕೆ. ಹೀರಿದ ಕಾವೆಲ್ಲ ಕಾಂಕ್ರೀಟಿಗೆ ಇಳಿದು, ನೀವು ಮಲಗುವ ಹೊತ್ತಿಗೆ ಕೆಳಗೆ ಬರುತ್ತದೆ. ಕಾಂಕ್ರೀಟಿನ ಮೇಲೆ 50 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮಿನ ಶಾಖನಿರೋಧಕ ಹಲಗೆ ಹಾಸಿ, ಅದರ ಮೇಲೆ ಇಳಿಜಾರಿನ ದಿಕ್ಕಿಗೇ ರೀಪು ಹೊಡೆದು 25ರಿಂದ 40 ಮಿಲಿಮೀಟರ್ ಗಾಳಿಸಂದು ಬಿಟ್ಟು, ಆಮೇಲೆ ಹೊರಾಂಗಣದ ಪ್ಲೈವುಡ್, ಅದರ ಮೇಲೆ ಶಿಂಗಲ್ಸ್ ಕೂರಿಸಿ. ಖರ್ಚು ಹೆಚ್ಚಾಗುತ್ತದೆ ನಿಜ. ಆ ಖರ್ಚು ಕೈಗೆ ಎಟುಕದಿದ್ದರೆ ಶಿಂಗಲ್ಸನ್ನೇ ಬಿಟ್ಟು ಬಿಳಿ ಬಣ್ಣದ ಕಾಂಕ್ರೀಟ್ ಇಟ್ಟುಕೊಳ್ಳಿ ಎಂಬುದೇ ನಮ್ಮ ಸಲಹೆ.

ಲೆಕ್ಕ ಹೀಗೆ: ಒಂದು ಕಟ್ಟು ಸುಮಾರು 33 ಚದರ ಅಡಿ ಮುಚ್ಚುತ್ತದೆ. 1400ಕ್ಕೆ 43 ಕಟ್ಟು; ನೂರಕ್ಕೆ ಹತ್ತು ವ್ಯರ್ಥ ಸೇರಿಸಿ 47ರಿಂದ 48 ತರಿಸಿ. ಎರಡು ಮಾಡು ಕೂಡುವ ಕಣಿವೆಗಳಿದ್ದರೆ ನೂರಕ್ಕೆ ಹದಿನೈದು. ಒಂದು ಮೀಟರ್ ಉದ್ದದ ಪಟ್ಟಿಯಾದರೆ ಸುಮಾರು 910 ಪಟ್ಟಿ ಆಗುತ್ತವೆ. ಪಟ್ಟಿಗೆ 4 ಮೊಳೆಯಂತೆ 3640. ಏಪ್ರಿಲ್-ಮೇ ತಿಂಗಳಲ್ಲಿ ಗುಡುಗಿನ ಜೊತೆ ಏಳುವ ಬಿರುಗಾಳಿ ಇಲ್ಲಿ ತಗಡುಗಳನ್ನೇ ಎತ್ತಿ ಒಗೆಯುತ್ತದೆ. ಅದಕ್ಕೆ ಪಟ್ಟಿಗೆ 6 ಮೊಳೆ ಹೊಡೆಸಿ, 5500 ಮೊಳೆ ತರಿಸಿ. ಎಲ್ಲ ಕಟ್ಟುಗಳೂ ಒಂದೇ ಬ್ಯಾಚಿನವಾಗಿರಲಿ. ಬೇರೆಯಾದರೆ ನಾಲ್ಕೈದು ಕಟ್ಟುಗಳನ್ನು ಒಟ್ಟಿಗೆ ಬಿಚ್ಚಿ ಬೆರೆಸಿ ಹಾಕಬೇಕು, ಇಲ್ಲದಿದ್ದರೆ ಮಾಡಿನ ಮೇಲೆ ತೇಪೆ ಹಚ್ಚಿದಂತೆ ಕಾಣುತ್ತದೆ. ಕಟ್ಟುಗಳನ್ನು ಬಿಸಿಲಿನಲ್ಲಿ ಪೇರಿಸಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನೆರಳಿನಲ್ಲಿಡಿ. ಬೇಸಿಗೆಯಲ್ಲಿ ಕೆಲಸ ಬೆಳಗಿನ 6ರಿಂದ 10ರೊಳಗೆ ಮುಗಿಯಲಿ. ಮಧ್ಯಾಹ್ನ ಡಾಂಬರು ಮೆತ್ತಗಾಗಿ, ಕೆಲಸದವರು ಕಾಲಿಟ್ಟ ಕಡೆಯೆಲ್ಲ ಹರಳು ಕಿತ್ತು ಕಪ್ಪು ಕಲೆ ಉಳಿಯುತ್ತದೆ. ಅದನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ.

ಪ್ರಶ್ನೆ: ಆರ್‌ಸಿಸಿ ಛತ್ತು, 1000 ಚದರ ಅಡಿ. ರಾತ್ರಿ ಹನ್ನೊಂದಾದರೂ ಖೋಲಿ ಆರುವುದಿಲ್ಲ, ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ. ಸುಣ್ಣ ಹೊಡೆಯಬೇಕೋ, ಕೂಲ್ ರೂಫ್ ಪೇಂಟ್ ಹೊಡೆಯಬೇಕೋ? — ಓದುಗರು, ಸುರಪುರ

ಉತ್ತರ: ಹೊಸದರಲ್ಲಿ ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಸುಣ್ಣ ಒಂದು ಬೇಸಿಗೆಯ ಬಾಳಿಕೆ, ಮಳೆಗಾಲಕ್ಕೆ ತೊಳೆದು ಹೋಗುತ್ತದೆ. ಕೂಲ್ ರೂಫ್ ಪೇಂಟ್ ಎಂದರೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಅಕ್ರಿಲಿಕ್ ಲೇಪ; ಒಳ್ಳೆಯದನ್ನು ಸರಿಯಾಗಿ ಬಳಿದರೆ ಹಲವು ವರ್ಷ ಇರುತ್ತದೆ. ಈ ವರ್ಷ ಕೈ ಬಿಗಿ ಇದ್ದರೆ ಸಂಕೋಚವಿಲ್ಲದೆ ಸುಣ್ಣ ಹೊಡೆಯಿರಿ. ಸೇಡಂ, ಚಿತ್ತಾಪುರ, ವಾಡಿ ಸುತ್ತಿನ ನೆಲವೇ ಸುಣ್ಣದ ಕಲ್ಲಿನದು. ನಮ್ಮ ಸೀಮೆಗೆ ಇದಕ್ಕಿಂತ ಹತ್ತಿರದ ಮದ್ದಿಲ್ಲ.

ರಾತ್ರಿ ಸೆಕೆಗೆ ಕಾರಣ ಹೇಳುತ್ತೇವೆ. ಬರೀ ಬೂದು ಕಾಂಕ್ರೀಟ್ ನೂರಕ್ಕೆ 30ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. 1000 ಚದರ ಅಡಿ ಅಂದರೆ 93 ಚದರ ಮೀಟರ್. ನಡುಮಧ್ಯಾಹ್ನ ನಿಮ್ಮ ಛತ್ತು 65 ಕಿಲೋವಾಟ್ ಹೀರುತ್ತಿರುತ್ತದೆ. ಬಹುಪಾಲು ಗಾಳಿಗೆ, ಆಕಾಶಕ್ಕೆ ಮರಳಿದರೂ ಉಳಿದದ್ದು ಕಾಂಕ್ರೀಟಿನೊಳಗೆ ಇಳಿಯುತ್ತದೆ, ಕೆಳಮೈಗೆ ಬರಲು ಕೆಲವು ತಾಸು ಹಿಡಿಯುತ್ತದೆ. ಸಂಜೆ ಆರಕ್ಕೆ ಮಂಚದ ಮೇಲೆ ನಿಂತು ಛಾವಣಿಗೆ ಅಂಗೈ ಒತ್ತಿ ನೋಡಿ, ಗೋಡೆಗಿಂತ ಬಿಸಿ ಇರುತ್ತದೆ. ಬಿಳಿ ಬಣ್ಣ ಬಂದಾಗ ಹೀರುವ ಪ್ರಮಾಣ 65ರಿಂದ 19 ಕಿಲೋವಾಟಿಗೆ ಇಳಿಯುತ್ತದೆ. ಕೋಣೆಯಲ್ಲಿ ಸಾಮಾನ್ಯವಾಗಿ 2ರಿಂದ 4 ಡಿಗ್ರಿ ಇಳಿಕೆ ಸಿಗುತ್ತದೆ. ಕಾಯದ ಛಾವಣಿಯ ಕೆಳಗೆ ಮಲಗುವ ಸುಖ ಆ ಅಂಕಿಗಿಂತ ದೊಡ್ಡದು, ಏಕೆಂದರೆ ತಲೆಯ ಮೇಲಿನ ಕಾವು ನೇರ ಮೈಗೆ ತಾಗುವುದು ನಿಲ್ಲುತ್ತದೆ.

ಸುಣ್ಣದ ವಿಧಾನ: 1000 ಚದರ ಅಡಿ ಒರಟು ಛತ್ತಿಗೆ ಮೂರು ಕೈ ಹೊಡೆಯಲು 20ರಿಂದ 25 ಕಿಲೋ ಸುಟ್ಟ ಸುಣ್ಣ ಬೇಕು. ಕಿಲೋಗೆ 5 ಲೀಟರ್ ನೀರು. ಕಬ್ಬಿಣದ ಪೀಪಾಯಿಯಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸುಣ್ಣ. ಎಂದೂ ತಿರುಗುಮುರುಗು ಮಾಡಬೇಡಿ. ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಕನ್ನಡಕ, ಕೈಗವಸು ಹಾಕಿಕೊಂಡು, ಮಕ್ಕಳನ್ನು ದೂರ ಕಳಿಸಿ. 24 ತಾಸು ಬಿಟ್ಟು ದಪ್ಪ ಬಟ್ಟೆಯಲ್ಲಿ ಸೋಸಿ. ಲೀಟರಿಗೆ 4 ಗ್ರಾಂ ಲೆಕ್ಕದಲ್ಲಿ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ. 125 ಲೀಟರಿಗೆ ಅರ್ಧ ಕಿಲೋ.

ಸುಣ್ಣ ಕಾಲಿಗೆ ಹತ್ತುತ್ತದೆ, ಬೇಗ ಉದುರುತ್ತದೆ ಎಂದು ಬಹಳ ಜನ ದೂರುತ್ತಾರೆ. ತಪ್ಪು ಸುಣ್ಣದ್ದಲ್ಲ, ಹೊಡೆದ ಹೊತ್ತಿನದು. ಸುಣ್ಣ ಗಟ್ಟಿಯಾಗುವುದು ಒಣಗುವುದರಿಂದಲ್ಲ. ಹಸಿ ಇದ್ದಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವುದರಿಂದ. ಉರಿಬಿಸಿಲಲ್ಲಿ ಕಾದ ಛತ್ತಿನ ಮೇಲೆ ಹೊಡೆದರೆ ಹತ್ತು ನಿಮಿಷದಲ್ಲಿ ನೀರು ಹಾರಿ ಬರೀ ಪುಡಿ ಉಳಿಯುತ್ತದೆ. ಹೊತ್ತು ಇಳಿದ ಮೇಲೆ ಛತ್ತಿಗೆ ನೀರು ಹೊಡೆದು ತಣಿಸಿ, ನೀರು ನಿಂತಿರದಂತೆ ನೋಡಿಕೊಂಡು ಮೊದಲ ಕೈ ಹೊಡೆಯಿರಿ. ಮರುದಿನ ಬೆಳಿಗ್ಗೆ ತೆಳುವಾಗಿ ನೀರು ಚಿಮುಕಿಸಿ, ಸಂಜೆ ಎರಡನೇ ಕೈ ಹೊಡೆಯಿರಿ. ಮೂರನೆಯದೂ ಹಾಗೆಯೇ. ಕೊಯ್ಲಿನ ಮಳೆನೀರನ್ನು ಕುಡಿಯಲು ಹಿಡಿಯುವವರು ಮೊದಲ ಎರಡು-ಮೂರು ಮಳೆಯ ನೀರನ್ನು ಹೊರಗೆ ಬಿಡಬೇಕು.

ಅಕ್ರಿಲಿಕ್ ಲೇಪಕ್ಕೆ ಇದೆಲ್ಲ ಉಲ್ಟಾ: ಛತ್ತು ಪೂರ್ತಿ ಒಣಗಿರಬೇಕು. ಫೆಬ್ರುವರಿ, ಮಾರ್ಚ್ ಸರಿಯಾದ ಕಾಲ. ಹಳೆಯ ಸುಣ್ಣ, ಪಾಚಿ, ಧೂಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆದು ಎರಡು ದಿನ ಒಣಗಿಸಿ. ಸುಣ್ಣದ ಮೇಲೆಯೇ ಬಳಿದರೆ ಹಾಳೆ ಹಾಳೆಯಾಗಿ ಏಳುತ್ತದೆ. ಬಿರುಕುಗಳನ್ನು ಆಂಗ್ಲ ವಿ ಆಕಾರದಲ್ಲಿ ಕೊರೆದು ಬಿರುಕು ತುಂಬುವ ಪೇಸ್ಟ್ ಒತ್ತಿ. ಹೊಸ ಕಾಂಕ್ರೀಟಾದರೆ 28 ದಿನ ಕಳೆದಿರಲಿ. ತೇವ ನೋಡಲು ಸಂಜೆ ಒಂದು ಚದರ ಮೀಟರ್ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ, ಮರುದಿನ ತೆಗೆಯಿರಿ. ಕೆಳಗೆ ಹನಿ ಕಂಡರೆ ಇನ್ನೂ ಕಾಯಬೇಕು. ಆಮೇಲೆ ಪ್ರೈಮರ್ ಒಂದು ಕೈ, ಲೇಪ ಎರಡು ಕೈ. ಮೊದಲನೆಯದು ಉತ್ತರ-ದಕ್ಷಿಣ ಬಳಿದರೆ ಎರಡನೆಯದು ಪೂರ್ವ-ಪಶ್ಚಿಮ, ನಡುವೆ 4ರಿಂದ 6 ತಾಸು. ಬೆಳಿಗ್ಗೆ 10ರೊಳಗೆ ಅಥವಾ ಸಂಜೆ 4ರ ಮೇಲೆ ಬಳಿಯಿರಿ. ಮಧ್ಯಾಹ್ನ ಬಳಿದರೆ ಮೇಲೆ ತೊಗಲು ಕಟ್ಟಿ ಒಳಗಿನ ನೀರು ಆವಿಯಾಗಿ ಗುಳ್ಳೆ ಏಳುತ್ತದೆ. ಆ ಗುಳ್ಳೆ ಒಡೆದ ಸೂಜಿರಂಧ್ರದಲ್ಲೇ ಮಳೆನೀರು ಇಳಿಯುತ್ತದೆ. ಲೀಟರಿಗೆ 25 ಚದರ ಅಡಿ ಹಿಡಿದರೆ 40 ಲೀಟರ್, ಅಂದರೆ 20 ಲೀಟರಿನ ಎರಡು ಬಕೆಟ್. ಒಂದೇ ಬಕೆಟ್‌ನಲ್ಲಿ ಮುಗಿಸಿಕೊಡುತ್ತೇನೆ ಎನ್ನುವವರು ನೀರು ಬೆರೆಸುತ್ತಿದ್ದಾರೆ ಎಂದೇ ತಿಳಿಯಿರಿ.

ಡಬ್ಬಿಯ ಮೇಲೆ ಎಸ್‌ಆರ್‌ಐ (ಸೌರ ಪ್ರತಿಫಲನ ಸೂಚ್ಯಂಕ) ಅಂಕಿ ನೋಡಿ. ಮಾದರಿ ಕಪ್ಪು ಮೇಲ್ಮೈಗೆ 0, ಮಾದರಿ ಬಿಳಿಗೆ 100. ನೂರರ ಹತ್ತಿರ ಇದ್ದಷ್ಟೂ ಒಳ್ಳೆಯದು. ಮನೆಯೊಳಗಿನ ಬಿಳಿ ಡಿಸ್ಟೆಂಪರ್ ಉಳಿದಿದೆ ಎಂದು ಛತ್ತಿಗೆ ಬಳಿಯಬೇಡಿ, ಮೊದಲ ಮಳೆಗೆ ಹಾಲಿನಂತೆ ಹರಿದು ಹೋಗುತ್ತದೆ.

ಪ್ರಶ್ನೆ: 600 ಚದರ ಅಡಿ ಪತ್ರಾ ಶೆಡ್ಡು ಹಾಕಬೇಕಾಗಿದೆ. ಹೊಳೆಯುವ ಬರೀ ತಗಡು ಬಿಸಿಲನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದಲ್ಲ, ಮತ್ತೆ ಬಿಳಿ ಪತ್ರಾಕ್ಕೆ ಹೆಚ್ಚಿಗೆ ದುಡ್ಡು ಯಾಕೆ? — ಓದುಗರು, ಹುಮನಾಬಾದ್

ಉತ್ತರ: ಹೊಸ ತಗಡು ಬಿಸಿಲನ್ನು ನೂರಕ್ಕೆ 60ಕ್ಕೂ ಹೆಚ್ಚು ಹಿಂದಕ್ಕೆ ಕಳಿಸುವುದು ನಿಜ. ಆದರೂ ಅದು ಮುಟ್ಟಲಾಗದಷ್ಟು ಕಾಯುತ್ತದೆ. ಹೀರಿಕೊಂಡ ಕಾವನ್ನು ಆಕಾಶಕ್ಕೆ ಸೂಸುವ ಗುಣ ಬರೀ ಲೋಹಕ್ಕೆ ಬಹಳ ಕಡಿಮೆ. ಬಣ್ಣ ಬಳಿದ ಮೇಲ್ಮೈ 85ರಿಂದ 90 ಪಾಲು ಸೂಸಿದರೆ ಹೊಳೆಯುವ ತಗಡು ಕಾಲು ಪಾಲನ್ನೂ ಸೂಸುವುದಿಲ್ಲ. ಬಂದದ್ದು ಕಡಿಮೆಯಾದರೂ ಹೊರಗೆ ಹೋಗಲು ದಾರಿಯಿಲ್ಲದೆ ಕೂಡಿಕೊಳ್ಳುತ್ತದೆ. ಎರಡು-ಮೂರು ವರ್ಷದಲ್ಲಿ ಹೊಳಪೂ ಮಂಕಾಗುತ್ತದೆ. ಬಿಳಿ ಬಣ್ಣದ ತಗಡು 65ರಿಂದ 70 ಪಾಲು ಹಿಂದಕ್ಕೆ ಕಳಿಸಿ, ಉಳಿದದ್ದನ್ನೂ ಸೂಸುತ್ತದೆ. ಪೇಟೆಯಲ್ಲಿ ಎಲ್ಲೆಲ್ಲೂ ಕಾಣುವ ನೀಲಿ, ಹಸಿರು ಪತ್ರಾ ಈ ಲೆಕ್ಕದಲ್ಲಿ ತೀರ ಹಿಂದೆ. ಬಿಳಿ ಸಿಗುತ್ತದೆ, ಕೇಳಿ ತರಿಸಿಕೊಳ್ಳಬೇಕು ಅಷ್ಟೆ.

ಲೋಹದ ಇದೇ ಗುಣ ಕೆಳಮೈಯಲ್ಲಿ ನಿಮಗೆ ಉಪಕಾರಿ. ಒಳಗಿನ ಮೈ ಹೊಳೆಯುತ್ತಿದ್ದರೆ ಕಾವನ್ನು ಕೆಳಗೆ ಕೂತವರ ಮೇಲೆ ಕಡಿಮೆ ಸೂಸುತ್ತದೆ. ಆದ್ದರಿಂದ ಮೇಲೆ ಬಿಳಿ, ಕೆಳಗೆ ಬರೀ ತಗಡು. ಅಂದಕ್ಕೆಂದು ಒಳಗೆ ಬಣ್ಣ ಬಳಿಸಬೇಡಿ.

ಈಗಾಗಲೇ ಇರುವ ತಗಡಿಗೆ ಬಣ್ಣ ಬಳಿಯುವವರು ಒಂದು ಮಾತು ನೆನಪಿಡಿ. ಸತುವಿನ ಮೇಲೆ ನೇರವಾಗಿ ಎಣ್ಣೆ ಬಣ್ಣ ಬಳಿದರೆ ಎಣ್ಣೆ ಸತುವಿನ ಜೊತೆ ಸೇರಿ ಸಾಬೂನಿನಂಥ ಪದರವಾಗಿ, ವರ್ಷದೊಳಗೆ ಸುಲಿದು ಬರುತ್ತದೆ. ಸಾಬೂನು ಪುಡಿಯಿಂದ ತೊಳೆದು, ಸತುವಿಗೆಂದೇ ಇರುವ ಎಚ್ (etch) ಪ್ರೈಮರ್ ಬಳಿದು, ಆಮೇಲೆ ನೀರಿನ ಅಕ್ರಿಲಿಕ್ ಬಿಳಿ ಎರಡು ಕೈ. ತಗಡಿನ ಅಲೆಗಳಿಂದಾಗಿ 600 ಚದರ ಅಡಿ ಬಳಿಯುವಾಗ 680 ಆಗುತ್ತದೆ. 17 ಲೀಟರ್ ಹಿಡಿಯಿರಿ. ಬಳಿಯುವ ಮೊದಲು ಪ್ರತಿ ಸ್ಕ್ರೂವಿನ ರಬ್ಬರ್ ವಾಷರ್ ನೋಡಿ, ಬಿಸಿಲಿಗೆ ಮೊದಲು ಸೀಳುವುದು ಅದೇ.

ಪ್ರಶ್ನೆ: ಬಿಳಿ ಬಳಿದು ಆರು ತಿಂಗಳಾಗಿಲ್ಲ, ಧೂಳು ಕೂತು ಮಣ್ಣಿನ ಬಣ್ಣವಾಗಿದೆ. ಹಾಕಿದ ದುಡ್ಡು ನೀರಾಯಿತೇ? — ಓದುಗರು, ಚಿತ್ತಾಪುರ

ಉತ್ತರ: ಇಲ್ಲ. ಸಾಮಾನ್ಯ ಊರಲ್ಲೂ ಹೊಸ ಬಿಳಿ ಲೇಪ 80-85ರಿಂದ ವರ್ಷದೊಳಗೆ 65ರ ಸುತ್ತ ಇಳಿಯುತ್ತದೆ. ಎರೆಮಣ್ಣಿನ ಧೂಳು, ಸುಗ್ಗಿಯಲ್ಲಿ ತೊಗರಿ ರಾಶಿಯ ಹೊಟ್ಟು, ಲಾರಿ ಓಡುವ ರಸ್ತೆ ಇರುವ ಕಡೆ ಇನ್ನಷ್ಟು. ಆದರೂ ಅದು ಬರೀ ಕಾಂಕ್ರೀಟಿನ ಎರಡು ಪಟ್ಟು. ಮಾರ್ಚ್ ಮೊದಲ ವಾರ ಒಮ್ಮೆ, ಏಪ್ರಿಲ್ ಕೊನೆಗೆ ಒಮ್ಮೆ ತೆಂಗಿನ ಕಡ್ಡಿಯ ಪೊರಕೆಯಲ್ಲಿ ಗುಡಿಸಿ, ಮೆತ್ತನೆ ಬ್ರಷ್ಷಿನಿಂದ ನೀರು ಹಾಕಿ ತಿಕ್ಕಿದರೆ ಕಳೆದುಕೊಂಡದ್ದರಲ್ಲಿ ಹೆಚ್ಚಿನ ಪಾಲು ಮರಳುತ್ತದೆ. ತಂತಿ ಬ್ರಷ್ ಬೇಡ, ಆಮ್ಲ ಬೇಡ. ನೀರು ನಿಲ್ಲುವ ತಗ್ಗುಗಳಲ್ಲಿ ಕಪ್ಪು ಉಂಗುರದಂತೆ ಮಣ್ಣು ಕೂರುತ್ತದೆ. ಅಲ್ಲಿ ಬಣ್ಣವೂ ಮೊದಲು ಏಳುತ್ತದೆ. 100 ಅಡಿಗೆ 1 ಅಡಿ ಇಳಿಜಾರು ಇರುವಂತೆ ಆ ತಗ್ಗನ್ನು ಸಿಮೆಂಟ್ ಗಾರೆಯಿಂದ ಸರಿಮಾಡಿಸಿ ಬಳಿಯುವುದೇ ಶಾಶ್ವತ ಪರಿಹಾರ. ಚಪ್ಪಲಿ ಮೆಟ್ಟಿ ಓಡಾಡುವ ಛತ್ತಾದರೆ ಬಣ್ಣದ ಬದಲು ಬಿಳಿ ಪಿಂಗಾಣಿ ಟೈಲ್ಸ್ ಚೂರಿನ ಚೈನಾ ಮೊಸಾಯಿಕ್ ಯೋಚಿಸಿ. ತೊಳೆಯುವುದು ಸುಲಭ, ಸವೆತವೂ ಕಡಿಮೆ.

ಪ್ರಶ್ನೆ: ನಮ್ಮಲ್ಲಿ ಡಿಸೆಂಬರ್ ಚಳಿ ಜೋರು. ಬಿಳಿ ಛತ್ತಿನಿಂದ ಮನೆ ಇನ್ನೂ ತಣ್ಣಗಾಗುವುದಿಲ್ಲವೇ? — ಓದುಗರು, ಬೀದರ್

ಉತ್ತರ: ಸ್ವಲ್ಪ ಆಗುತ್ತದೆ, ಭಯಪಡುವಷ್ಟಲ್ಲ. ಡಿಸೆಂಬರಿನಲ್ಲಿ ಬೀದರ್‌ನ ನಡುಮಧ್ಯಾಹ್ನದ ಸೂರ್ಯ 49-50 ಡಿಗ್ರಿಯ ಆಸುಪಾಸಿಗಷ್ಟೇ ಏರುತ್ತಾನೆ, ಹಗಲೂ ಚಿಕ್ಕದು. ಛತ್ತಿನಿಂದ ಆಗ ಸಿಗುವ ಬಿಸಿಯೇ ಕಡಿಮೆ, ಕಳೆದುಕೊಳ್ಳುವುದೂ ಕಡಿಮೆ. ತಗ್ಗಾದ ಸೂರ್ಯ ಆ ತಿಂಗಳಲ್ಲಿ ದಕ್ಷಿಣದ ಕಿಟಕಿಯೊಳಗೆ ಇಣುಕುತ್ತಾನೆ. ಹಗಲು ಪರದೆ ಸರಿಸಿ, ಸಂಜೆ ಮುಚ್ಚಿ. ಎರಡು ತಿಂಗಳ ಬೆಳಗಿನ ಚಳಿಗೆ ಹೆದರಿ ನಾಲ್ಕು ತಿಂಗಳ ಬೇಗೆ ಕಟ್ಟಿಕೊಳ್ಳಬೇಡಿ.

ಪ್ರಶ್ನೆ: ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ, ಒಂದು ಭಾಗಕ್ಕೆ ಶಹಾಬಾದ್ ಫರಸಿ ಹಾಸಿದೆ. ಇದಕ್ಕೂ ಕೂಲ್ ರೂಫ್ ಪೇಂಟ್ ಬಳಿಸಬಹುದೇ? — ಓದುಗರು, ಶಹಾಪುರ

ಉತ್ತರ: ಮಣ್ಣಿನ ಭಾಗಕ್ಕೆ ಬೇಡವೇ ಬೇಡ. ಒಂದು-ಒಂದೂವರೆ ಅಡಿ ದಪ್ಪದ ಮೇಲ್ಮಣ್ಣು ತೇವವನ್ನು ಹೀರುತ್ತ, ಬಿಡುತ್ತ ಉಸಿರಾಡುವ ವಸ್ತು. ರಬ್ಬರಿನಂಥ ಲೇಪ ಮೇಲೆ ಕೂತರೆ ಒಳಗಿನ ತೇವ ಕೆಳಗೇ ಇಳಿಯಬೇಕು, ಅಲ್ಲಿರುವುದು ಜಂತಿ, ತೊಲೆ. ಕಟ್ಟಿಗೆ ಮೆತ್ತಗಾಗುವುದು ಹೊರಗೆ ಕಾಣುವುದಿಲ್ಲ. ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಈ ಮಾಳಿಗೆಗೆ ತೆಳು ಸುಣ್ಣವೇ ತಕ್ಕದ್ದು, ಅದು ಉಸಿರು ಕಟ್ಟಿಸುವುದಿಲ್ಲ. ಅಷ್ಟು ದಪ್ಪದ ಮಣ್ಣು ಬಿಸಿಲನ್ನು ತಾನೇ ತಡೆಯುತ್ತದೆ, ಬಣ್ಣದಿಂದ ಸಿಗುವ ಲಾಭ ಆರ್‌ಸಿಸಿಯಷ್ಟು ದೊಡ್ಡದಲ್ಲ. ಮಳೆಗಾಲಕ್ಕೆ ಮೊದಲು ಹುಲ್ಲಿನ ಬೇರು ಕಿತ್ತು, ಇಳಿಜಾರು ತಿದ್ದಿ, ದೋಣಿ ಬಾಯಿ ತೆರೆದಿಡುವುದು ಇಲ್ಲಿ ಮುಖ್ಯ ಕೆಲಸ.

ಫರಸಿಯ ಭಾಗಕ್ಕೆ ಬಣ್ಣ ಬಳಿಯಬಹುದು, ಆದರೆ ಸಂದುಗಳನ್ನು ಮೊದಲು ನೋಡಿ. ಹಾಸುಗಲ್ಲು ಸೋರುವುದಿಲ್ಲ, ಸೋರುವುದು ಸಂದು. ಹಳೆಯ ಗಾರೆಯನ್ನು ಒಂದು ಇಂಚು ಆಳ ಕೆತ್ತಿ ಹೊಸದಾಗಿ ತುಂಬಿಸಿ. ನುಣುಪು ಕಲ್ಲಿನ ಮೇಲೆ ಸುಣ್ಣ ಹಿಡಿಯುವುದಿಲ್ಲ. ಪ್ರೈಮರ್ ಬಳಿದು ಅಕ್ರಿಲಿಕ್ ಬಳಿಯಿರಿ. ಹಳೆಯ ತೊಲೆಗಳ ಮೇಲೆ ಚೈನಾ ಮೊಸಾಯಿಕ್ ಹಾಕಿಸುವ ಸಾಹಸ ಮಾತ್ರ ಮಾಡಬೇಡಿ. ಎರಡು ಇಂಚು ಗಾರೆಯೇ ಚದರ ಅಡಿಗೆ 10 ಕಿಲೋ ಭಾರ. 500 ಚದರ ಅಡಿಗೆ 5 ಟನ್.

ಪ್ರಶ್ನೆ: ಬಿಳಿ ಛತ್ತು ಕಣ್ಣು ಕುಕ್ಕುತ್ತದೆ ಎಂದು ಪಕ್ಕದ ಎರಡನೇ ಮಹಡಿಯವರು ಜಗಳಕ್ಕೆ ಬರುತ್ತಾರೆ. — ಓದುಗರು, ಕಲಬುರಗಿ

ಉತ್ತರ: ಅವರ ತೊಂದರೆ ನಿಜವಾದದ್ದು. ಹೊಳಪಿಲ್ಲದ, ಮ್ಯಾಟ್ ಬಗೆಯ ಲೇಪ ಆರಿಸಿ. ಅದೂ ಸಾಲದಿದ್ದರೆ ಅವರ ಕಿಟಕಿಗೆ ಕಾಣುವ ಅಂಚಿನ ಎಂಟು-ಹತ್ತು ಅಡಿಗೆ ಕೆನೆ ಬಣ್ಣ ಬಳಿಯಿರಿ; 60ರಿಂದ 70 ಪಾಲು ಹಿಂದಕ್ಕೆ ಕಳಿಸುತ್ತದೆ, ಕಣ್ಣಿಗೆ ಮೆತ್ತಗಿರುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿ ನೀತಿಯನ್ನೇ ತಂದಿದೆ. ನಮ್ಮ ಓಣಿಗಳಲ್ಲೂ ಬಿಳಿ ಛತ್ತು ಹೆಚ್ಚುತ್ತ ಹೋಗುತ್ತದೆ, ಈ ಮಾತು ಮನೆಮನೆಗಳ ನಡುವೆ ಬಂದೇ ಬರುತ್ತದೆ.

ಪ್ರಶ್ನೆ: ಸಿಮೆಂಟ್ ಶೀಟಿನ ಹಳೇ ಮಾಡನ್ನು ತೊಳೆದು ಬಿಳಿ ಬಳಿಯಬಹುದೇ? — ಓದುಗರು, ಗುರುಮಠಕಲ್

ಉತ್ತರ: ಬಳಿಯಬಹುದು, ತಿಕ್ಕಬಾರದು. ಹಳೆಯ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಒಣಗಿದ್ದಾಗ ಉಜ್ಜಿದರೆ ಅದರ ಎಳೆ ಗಾಳಿಗೆ ಸೇರಿ ಪುಪ್ಪುಸಕ್ಕೆ ಹೋಗುತ್ತದೆ. ತಂತಿ ಬ್ರಷ್, ಒತ್ತಡದ ನೀರು, ಕೊರೆಯುವುದು ಎಲ್ಲವೂ ನಿಷಿದ್ಧ. ಮೆಲ್ಲಗೆ ನೀರು ಹರಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸಿಂಪಡಿಸುವ ಯಂತ್ರದಿಂದ ಅಕ್ರಿಲಿಕ್ ಬಳಿಯಿರಿ. ಶೀಟಿನ ಮೇಲೆ ನೇರ ಕಾಲಿಡಬೇಡಿ. ಕೆಳಗಿನ ಅಡ್ಡಪಟ್ಟಿಗಳ ಮೇಲೆ ಭಾರ ಬೀಳುವಂತೆ ಉದ್ದ ಹಲಗೆ ಹಾಕಿ, ಅದರ ಮೇಲೆ ನಿಲ್ಲಿ. ಶೀಟು ಮುರಿದು ಬಿದ್ದು ಸೊಂಟ, ಬೆನ್ನು ಮುರಿದುಕೊಂಡವರು ಊರೂರಲ್ಲಿ ಇದ್ದಾರೆ.

ಪ್ರಶ್ನೆ: ಛತ್ತು ಬಿಳಿ ಮಾಡಿಸಿದೆವು, ಮೇಲಿನ ಕಪ್ಪು ಟಾಕಿಯ ನೀರು ಮಾತ್ರ ಮಧ್ಯಾಹ್ನ ಕೈ ಸುಡುತ್ತದೆ. ಅದಕ್ಕೂ ಬಿಳಿ ಬಳಿಯಬಹುದೇ? — ಓದುಗರು, ಯಾದಗಿರಿ

ಉತ್ತರ: ಪಾಲಿಥಿನ್ ಟಾಕಿಗೆ ಬಣ್ಣ ಹಿಡಿಯುವುದಿಲ್ಲ, ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಒಳಗೆ ಕಪ್ಪು, ಹೊರಗೆ ಬಿಳಿ ಇರುವ ಬಹುಪದರದ ಟಾಕಿ ಬದಲಾಯಿಸುವುದು ಒಂದು ದಾರಿ. ಒಳಗೆ ಒಂದು ಪದರವಾದರೂ ಕಪ್ಪು ಇರಬೇಕು, ಬೆಳಕು ಹೊಕ್ಕರೆ ಪಾಚಿ ಕಟ್ಟುತ್ತದೆ. ಇದ್ದದ್ದನ್ನೇ ಇಟ್ಟುಕೊಳ್ಳುವುದಾದರೆ ನಾಲ್ಕು ಕೋನ ಕಬ್ಬಿಣ ನಿಲ್ಲಿಸಿ, ಟಾಕಿಯ ಮೇಲೆ ಒಂದು ಅಡಿ ತೆರಪು ಬಿಟ್ಟು, ಪಶ್ಚಿಮ ಮತ್ತು ದಕ್ಷಿಣಕ್ಕೆ ಇಳಿಬಿಟ್ಟು ನೆರಳುಬಲೆ ಕಟ್ಟಿ. ಟಾಕಿಗೆ ತಾಗಿಸಿ ಸುತ್ತಿದರೆ ಬಲೆಯ ಕಾವು ಟಾಕಿಗೇ ಇಳಿಯುತ್ತದೆ. ಟಾಕಿಯಿಂದ ಕೆಳಗಿಳಿಯುವ ಪೈಪನ್ನು ಬಹಳ ಜನ ಮರೆಯುತ್ತಾರೆ. ಛತ್ತಿನ ಮೇಲೆ ಹತ್ತಿಪ್ಪತ್ತು ಅಡಿ ಬಿಸಿಲಲ್ಲಿ ಮಲಗಿದ ಪೈಪಿನೊಳಗೆ ನಿಂತ ನೀರೇ ನಲ್ಲಿ ತಿರುವಿದಾಗ ಮೊದಲು ಕೈಗೆ ಬೀಳುವುದು. ಪೈಪಿಗೆ ಹಾಕುವ ಫೋಮ್ ಕೊಳವೆಯನ್ನು ಉದ್ದಕ್ಕೆ ಸೀಳಿ ತೊಡಿಸಿ, ಮೇಲೆ ಬಿಳಿ ಟೇಪು ಸುತ್ತಿ. ಟೇಪು ಇಲ್ಲದಿದ್ದರೆ ಫೋಮ್ ಬಿಸಿಲಿಗೆ ಬೇಗ ಪುಡಿಯಾಗುತ್ತದೆ.